ಮಧು ಅಣ್ಣನ ಫ್ಲೆಕ್ಸು ಪ್ಲೊವ್ಡಿವ್‌ಗೆ ಹೋದದ್ದು

ಮಳವಳ್ಳಿ

ನಮ್ಮ ಮಂಡ್ಯ ಸೀಮೆಯಲ್ಲಿ ಹುಟ್ಟಿದವನು ಬೇರೇನಾಗದಿದ್ದರೂ ಒಂದಲ್ಲ ಒಂದು ದಿನ ಫ್ಲೆಕ್ಸ್ ಆಗುತ್ತಾನೆ. ಹುಟ್ಟುಹಬ್ಬಕ್ಕೆ, ಸಂಘದ ಉಪಾಧ್ಯಕ್ಷನಾದದ್ದಕ್ಕೆ, ಮಾರಿಹಬ್ಬಕ್ಕೆ ಸ್ವಾಗತ ಕೋರುವುದಕ್ಕೆ, ಕೊನೆಗೆ ಸತ್ತದ್ದಕ್ಕೆ. ಬೇರೆ ಕಡೆಯವರು ಇದನ್ನು ನೋಡಿ ನಗುತ್ತಾರೆ. ನಗಲಿ. ನಾನು ಇದರ ಮೇಲೆಯೇ ಒಂದು ಪ್ರಬಂಧ ಬರೆದೆ. ಬಲ್ಗೇರಿಯಾ ದೇಶದ ಪ್ಲೊವ್ಡಿವ್ ಎಂಬ ಊರಿನಲ್ಲಿ ಗ್ರಾಫಿಕ್ ಡಿಸೈನ್ ಸಮ್ಮೇಳನ ನಡೆಸುವವರು ಅದನ್ನು ಬಂದು ಓದು ಅಂದರು. ಡಿಸೈನ್ ಕಾಲೇಜಿನ ಕೊನೆಯ ವರ್ಷದಲ್ಲಿದ್ದೆ, ಮೈಸೂರು ಬೆಂಗಳೂರು ಬಿಟ್ಟು ಬೇರೆ ಊರು ಕಂಡವಳಲ್ಲ.

ಪ್ರಬಂಧದ ವಿಷಯ ಇಷ್ಟೇ: ಬಿಚ್ಚಿದ ಮೇಲೆ ಫ್ಲೆಕ್ಸ್ ಎಲ್ಲಿಗೆ ಹೋಗುತ್ತದೆ? ಹುಟ್ಟುಹಬ್ಬದ್ದು ಕೊಟ್ಟಿಗೆಗೆ ಸೂರಾಗುತ್ತದೆ, ಹುಲ್ಲಿನ ಮೆದೆಗೆ ಹೊದಿಕೆಯಾಗುತ್ತದೆ. ನಮ್ಮೂರಿನಲ್ಲಿ ಮುಖಂಡರೊಬ್ಬರ ಮೀಸೆಯ ಮೇಲೆ ಎಷ್ಟೋ ವರ್ಷದಿಂದ ಹುರುಳಿ ಒಣಗುತ್ತಿದೆ, ಅವರಿಗೂ ಬೇಜಾರಿಲ್ಲ, ಹುರುಳಿಗೂ ಇಲ್ಲ. ಆದರೆ ಸತ್ತವರ ಫ್ಲೆಕ್ಸಿಗೆ ಮಾತ್ರ ಜಾಗವಿಲ್ಲ. ತಿಥಿ ಮುಗಿದ ಮಾರನೆಯ ದಿನ ಸರ್ಕಲ್ಲಿನಿಂದ ಬಿಚ್ಚುತ್ತಾರೆ. ಮರದ ಫ್ರೇಮು ಮುಂದಿನ ಹುಟ್ಟುಹಬ್ಬಕ್ಕೆ ಹೋಗುತ್ತದೆ, ಫ್ಲೆಕ್ಸನ್ನು ಸುತ್ತಿ ಮನೆಯವರ ಕೈಗೆ ಕೊಡುತ್ತಾರೆ. ಅದರ ಮೇಲೆ ಕಾಳು ಹರವುವಂತಿಲ್ಲ, ಅದನ್ನು ತುಳಿಯುವಂತಿಲ್ಲ, ಬಿಸಾಡುವಂತಿಲ್ಲ. ಸುಡೋಣವೆಂದರೆ, ಒಮ್ಮೆ ಮಣ್ಣಾದವರನ್ನು ಮತ್ತೆ ಸುಡುವುದು ಹೇಗೆ? ಮನೆಯವರು ಏನೂ ತೋಚದೆ ಅಟ್ಟಕ್ಕೆ ಹಾಕುತ್ತಾರೆ.

ಅಸಲಿ ಫ್ಲೆಕ್ಸ್ ಒಂದನ್ನು ತನ್ನಿ, ಸಭೆಯಲ್ಲಿ ತೂಗುಹಾಕೋಣ ಎಂದು ಸಮ್ಮೇಳನದವರು ಬರೆದರು. ಯಾರ ಮನೆ ಬಾಗಿಲಿಗೆ ಹೋಗಿ ‘ನಿಮ್ಮ ತೀರಿಕೊಂಡವರನ್ನು ಸ್ವಲ್ಪ ಕೊಡಿ’ ಎಂದು ಕೇಳಲಿ? ಕೇಳುವ ಅಗತ್ಯವೂ ಇರಲಿಲ್ಲ. ನಮ್ಮ ಅಟ್ಟದಲ್ಲೇ ಒಂದಿತ್ತು.

ಅದು ನನ್ನ ಅಣ್ಣ ಮಧುವಿನದು. ಮಳವಳ್ಳಿಯಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿದ್ದವನೇ ಅವನು. ಪಿಯುಸಿ ರಜದಲ್ಲಿ ಅವನ ಪಕ್ಕ ಕೂತು ಮೌಸ್ ಹಿಡಿದು ಕಲಿತದ್ದನ್ನೇ ಮುಂದೆ ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಕಲಿತೆ. ಹೋದ ವರ್ಷ ಗೆಳೆಯನ ಮನೆಯವರು ಮುತ್ತತ್ತಿಯಲ್ಲಿ ದೇವರ ಹರಕೆಗೆ ಮಾಡಿದ ಪರದೂಟಕ್ಕೆ ಹೋದವನು, ಊಟಕ್ಕೆ ಎಲೆ ಹಾಕುವಷ್ಟರಲ್ಲಿ ಒಂದು ಮುಳುಗು ಹಾಕಿ ಬರುತ್ತೇನೆಂದು ಹೊಳೆಗಿಳಿದ. ಕಾವೇರಿ ಅವನನ್ನು ಮಾರನೆಯ ದಿನ ಕೊಟ್ಟಳು. ಊರಿಗೆಲ್ಲ ಫ್ಲೆಕ್ಸ್ ಮಾಡಿದವನ ಫ್ಲೆಕ್ಸನ್ನು ನಾನು ಮಾಡಿದೆ, ಅವನ ಕಂಪ್ಯೂಟರಿನಲ್ಲೇ. ಮೊಬೈಲಿನ ಫೋಟೊ ದೊಡ್ಡದು ಮಾಡಿದರೆ ಒಡೆಯುತ್ತದೆ. ಒಡೆಯದಂಥದ್ದು ಒಂದೇ ಸಿಕ್ಕಿತು, ಯಾರದೋ ಮದುವೆಯಲ್ಲಿ ಕ್ಯಾಮೆರಾದವನು ತೆಗೆದದ್ದು. ತಲೆಯಿಂದ ಪಾದದವರೆಗೆ ಬಾಯಿ ತುಂಬ ನಗುತ್ತ ನಿಂತಿದ್ದಾನೆ. ಅದನ್ನೇ ಆಳೆತ್ತರಕ್ಕೆ ಹಾಕಿ, ದೀಪ, ಗುಲಾಬಿ ದಳ, ಚಿನ್ನದ ನೆರಳಿನ ಅಕ್ಷರ ಎಲ್ಲ ಸೇರಿಸಿದೆ. ಅವನೇ ಹೇಳಿಕೊಟ್ಟ ನೆರಳು ಅದು.

ಒಯ್ಯುವ ವಿಚಾರಕ್ಕೆ ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಜಗಳ ಬಂದದ್ದು ವಾಪಸು ತರುವುದಕ್ಕೆ.

‘‘ತರ್ಬ್ಯಾಡ ಕಣ್ ಮಗ,’’ ಅಂದ ಅಪ್ಪ. ‘‘ಅಲ್ಲಿ ಯಾರಾರ ಕೇಳುದ್ರೆ ಕೊಟ್ಬುಡು. ಅಟ್ಟದ್ ಕಡೆ ಕಣ್ ಓದ್ರೆ ಸಾಕು, ಎದೆ ದಸಕ್ ಅಂತದೆ.’’

ಅವ್ವ ಒಲೆಯ ಮುಂದಿನಿಂದಲೇ ಎದ್ದು ಬಂದಳು. ‘‘ಕೊಟ್‌ಗಿಟ್ಟು ಬಂದೀಯ, ಉಸಾರು! ನನ್ ಮಗ ಅಂತ ನಿಂತ್ಕಂಡಿರೋದು ಅದೊಂದೇಯ. ಎಂಗ್ ಕರ್ಕೊಂಡ್ ಓಯ್ತೀಯೋ ಅಂಗೇ ಕರ್ಕೊಂಡ್ ಬಾ.’’

ಫೈಲ್ ಇದೆಯಲ್ಲ, ಬೇಕಾದರೆ ಇನ್ನೊಂದು ಪ್ರಿಂಟ್ ತೆಗೆಯಬಹುದು ಎಂದೆ. ಅಪ್ಪ ನನ್ನನ್ನು ತಿಂದುಬಿಡುವ ಹಾಗೆ ನೋಡಿದ. ‘‘ಒಂದ್ ಸಾವ್ಗೆ ಒಂದೇ ಫ್ಲೆಕ್ಸು. ಇನ್ನೊಂದ್ ಆಕ್ಸದು ಅಂದ್ರೆ ಇನ್ನೊಂದ್ ಸಾವ್ನ ಕರ್ದಂಗೆ.’’ ಅವ್ವನೂ ಅದಕ್ಕೆ ತಲೆಯಾಡಿಸಿದಳು. ಅವರಿಬ್ಬರೂ ಒಪ್ಪಿದ್ದು ಅದೊಂದೇ ಮಾತಿಗೆ.

ವಿಮಾನ ನಿಲ್ದಾಣ

ಫ್ಲೆಕ್ಸನ್ನು ಮಡಿಸಿದರೆ ಗೆರೆ ಬೀಳುತ್ತದೆ. ಅವ್ವ ಸುರುಳಿಗೆ ತನ್ನ ಹಳೇ ಸೀರೆ ಸುತ್ತಿಕೊಟ್ಟಳು. ಅಪ್ಪ ಬೋರ್‌ವೆಲ್ಲಿಗೆ ತಂದು ಉಳಿದಿದ್ದ ಪೈಪಿನಲ್ಲಿ ಒಂದು ತುಂಡು ಕತ್ತರಿಸಿ, ಅದರೊಳಗೆ ಸುರುಳಿ ತೂರಿಸಿ, ಎರಡೂ ತುದಿಗೆ ಮುಚ್ಚಳ ಹಾಕಿ, ಹೆಗಲಿಗೆ ಹಗ್ಗ ಕಟ್ಟಿಕೊಟ್ಟಿದ್ದ. ಅಪ್ಪನ ಕೆಲಸ ಅಂದರೆ ಕೆಲಸ ಎಂದು ಹೆಮ್ಮೆಪಡುತ್ತಲೇ ವಿಮಾನ ನಿಲ್ದಾಣಕ್ಕೆ ಹೋದೆ.

ಅಲ್ಲಿ ಅಧಿಕಾರಿ ತೆಗೆಯಿರಿ ಎಂದರು. ಮುಚ್ಚಳ ತಿರುಗಲಿಲ್ಲ. ಅವರೂ ತಿರುಗಿಸಿದರು, ಇನ್ನೊಬ್ಬರನ್ನು ಕರೆದರು. ನಾಲ್ಕು ಅಡಿಯ ಪೈಪು, ಎರಡೂ ಕಡೆ ಭದ್ರವಾಗಿ ಮುಚ್ಚಿದ್ದು, ಒಳಗೆ ಏನೋ ಇರುವಂಥದ್ದು. ಅವರ ಮುಖದಲ್ಲಿ ಏನು ಓಡುತ್ತಿದೆ ಎಂದು ನನಗೆ ಗೊತ್ತಾಗತೊಡಗಿತು. ಅಷ್ಟರಲ್ಲಿ ಸಾಮಾನು ಎತ್ತಿಡುವ ಒಬ್ಬರು ಹತ್ತಿರ ಬಂದು ಮುಚ್ಚಳ ಮೂಸಿ ನೋಡಿ, ‘‘ಗಮ್ ಆಕ್ಬುಟ್ಟವ್ರೆ ಸಾರ್! ಬೋರ್ ಪೈಪಿಗೆ ಆಕೋ ಗಮ್ಮು. ಇದು ಈ ಜನ್ಮದಲ್ಲಿ ಬರಕಿಲ್ಲ,’’ ಅಂದರು. ನನ್ನ ಕಡೆ ತಿರುಗಿ, ‘‘ಯಾವೂರವ್ವ?’’ ಮಳವಳ್ಳಿ ಕಡೆ ಎಂದೆ. ‘‘ಅನ್ಕಂಡೆ. ನಮ್ದು ಮಂಡ್ಯದ್ ತಾವ ಯಲಿಯೂರು.’’

ಅಪ್ಪನಿಗೆ ಫೋನ್ ಮಾಡಿದೆ. ‘‘ನೀರ್ ಓಗ್ಬಾರ್ದಲ್ಲವ್ವ ಒಳಿಕ್ಕೆ,’’ ಅಂದ. ವಿಮಾನದಲ್ಲಿ ಎಲ್ಲಿಂದ ನೀರು ಬರುತ್ತದಪ್ಪ ಎಂದು ಕೂಗಿದೆ. ಅಪ್ಪ ಫೋನ್ ಇಟ್ಟುಬಿಟ್ಟ. ನಮ್ಮ ಮನೆಯಲ್ಲಿ ಈಗ ನೀರಿನ ಮಾತು ಬಂದರೆ ಯಾರೂ ಮುಂದುವರಿಸುವುದಿಲ್ಲ. ಕೊನೆಗೆ ಪೈಪನ್ನು ಎರಡು ಸಲ ಯಂತ್ರದಲ್ಲಿ ತೂರಿಸಿ, ಬಟ್ಟೆಯೇ ಎಂದು ಖಾತ್ರಿಯಾದ ಮೇಲೆ, ದೊಡ್ಡ ಸಾಮಾನಿನ ಜೊತೆ ಕಳಿಸಿದರು. ಯಲಿಯೂರಿನವರು ಅದನ್ನು ತಾವೇ ಎತ್ತಿಕೊಂಡು ಹೋದರು. ಒಳಗೆ ಯಾರಿದ್ದಾರೆಂದು ನಾನು ಹೇಳಲಿಲ್ಲ.

ರಾದ್ಕಾ ಅವರ ಗೇಟು

ಪ್ಲೊವ್ಡಿವ್ ಗುಡ್ಡಗಳ ಮೇಲೆ ಹತ್ತಿ ಇಳಿಯುವ ಊರು. ಬೀದಿಗೆಲ್ಲ ಗುಂಡುಕಲ್ಲು ಹಾಸಿದ್ದಾರೆ. ಚಕ್ರದ ಸೂಟ್‌ಕೇಸ್ ಎಳೆದುಕೊಂಡು ಹೋದರೆ ಎತ್ತಿನಗಾಡಿಯ ಸದ್ದು ಬರುತ್ತದೆ. ಆ ಸದ್ದಿಗೆ ನಾಚಿಕೊಂಡು ನಡೆಯುವಾಗ ಕಣ್ಣಿಗೆ ಬಿದ್ದದ್ದು ಗೋಡೆ, ಗೇಟು, ಬಸ್ ಸ್ಟಾಪಿನ ಕಂಬದ ಮೇಲೆಲ್ಲ ಅಂಟಿಸಿದ ಹಾಳೆಗಳು. ಒಂದೊಂದರಲ್ಲೂ ಒಂದು ಮುಖ, ಕೆಳಗೆ ನಾಲ್ಕು ಸಾಲು. ಓಹೋ, ಇಲ್ಲಿಯೂ ಚುನಾವಣೆ ಬಂದಿದೆ, ನಮ್ಮಂಥದೇ ಊರು ಎಂದುಕೊಂಡೆ. ಅಭ್ಯರ್ಥಿಗಳಿಗೆಲ್ಲ ಬಹಳ ವಯಸ್ಸಾಗಿದೆಯಲ್ಲ ಎಂದೂ ಅನಿಸಿತು.

ನಾನು ಉಳಿದುಕೊಂಡದ್ದು ರಾದ್ಕಾ ಎಂಬ ವಿಧವೆಯ ಮನೆಯ ಮಹಡಿಯಲ್ಲಿ. ವಯಸ್ಸು ನಮ್ಮ ಅವ್ವನಿಗಿಂತ ಹೆಚ್ಚು, ಕೈ ಬಿರುಸು, ಇಂಗ್ಲಿಷ್ ಇಲ್ಲ. ಫೋನಿನಲ್ಲಿ ಅವರು ತಮ್ಮ ಭಾಷೆಯಲ್ಲಿ ಹೇಳುವರು, ಅದು ಇಂಗ್ಲಿಷಿನಲ್ಲಿ ನನಗೆ ಒಪ್ಪಿಸುವುದು. ಫೋನಿಲ್ಲದಾಗ ತಲೆಯಾಡಿಸುವುದು. ಅದೇ ಫಜೀತಿಯಾಯಿತು. ಆ ದೇಶದಲ್ಲಿ ತಲೆ ಅಡ್ಡಡ್ಡ ಆಡಿಸಿದರೆ ಹೌದು, ಮೇಲೆ ಕೆಳಗೆ ಆಡಿಸಿದರೆ ಇಲ್ಲ. ಬೆಳಗ್ಗೆ ಗಟ್ಟಿ ಮೊಸರು ಬಡಿಸಿ ಇನ್ನಷ್ಟು ಬೇಕಾ ಎನ್ನುವರು, ನಾನು ಬೇಡವೆಂದು ತಲೆ ಅಲ್ಲಾಡಿಸುವೆನು, ಅವರು ಸಂತೋಷದಿಂದ ಮತ್ತೆ ಸುರಿಯುವರು. ಅಷ್ಟು ಮೊಸರನ್ನು ನಾನು ಮದುವೆಯೂಟದಲ್ಲೂ ತಿಂದವಳಲ್ಲ.

ಅವರ ಗೇಟಿನ ಮೇಲೂ ಹಾಳೆಗಳಿದ್ದವು. ಎಲ್ಲದರಲ್ಲೂ ಒಬ್ಬರೇ ದಪ್ಪ ಮೀಸೆಯ ಗಂಡಸು. ಕೆಲವು ಬೆಳ್ಳಗೆ ಹೊಸದು, ಕೆಲವು ಹಳದಿ ತಿರುಗಿ ಮುಖವೇ ಮಾಸಿಹೋದದ್ದು. ಯಾವ ಪಕ್ಷ ಎಂದು ಕೇಳುವುದರಲ್ಲಿದ್ದೆ. ದೇವರು ದೊಡ್ಡವನು, ಅವರೇ ಫೋನ್ ಹಿಡಿದು ಹೇಳಿದರು: ‘‘ನನ್ನ ಗಂಡ.’’

ಆ ಊರಿನ ಗೋಡೆಗಳ ಮೇಲಿದ್ದವರೆಲ್ಲ ಸತ್ತವರು. ಯಾರಾದರೂ ತೀರಿಕೊಂಡರೆ ಹೀಗೆ ಹಾಳೆ ಅಂಟಿಸುತ್ತಾರೆ. ನಲವತ್ತನೆಯ ದಿನಕ್ಕೆ ಮತ್ತೊಂದು, ಆರು ತಿಂಗಳಿಗೆ ಮತ್ತೊಂದು, ಆಮೇಲೆ ವರ್ಷ ವರ್ಷ. ಬೇಕೆನಿಸಿದಷ್ಟು ಕಾಲ.

‘‘ಹಳೆಯದನ್ನು ಯಾವಾಗ ತೆಗೆಯುತ್ತೀರಿ?’’ ಎಂದೆ.

ರಾದ್ಕಾಗೆ ಪ್ರಶ್ನೆ ಅರ್ಥವಾಗಲಿಲ್ಲ. ಎರಡು ಸಲ ಕೇಳಿಸಿಕೊಂಡರು. ‘‘ನಾವೇಕೆ ತೆಗೆಯಬೇಕು? ಬಿಸಿಲಿದೆ, ಮಳೆಯಿದೆ. ಅವು ನಿಧಾನವಾಗಿ ತೆಗೆದುಕೊಂಡು ಹೋಗುತ್ತವೆ.’’

ನಾನು ಪೈಪು ತೋರಿಸಿದೆ. ಅವರು ಹಿತ್ತಲ ಶೆಡ್ಡಿನಿಂದ ಗಂಡನ ಗರಗಸ ತಂದರು. ನಾನು ಪೈಪು ಹಿಡಿದುಕೊಂಡೆ, ಅವರು ಕುಯ್ದರು. ಮುಚ್ಚಳ ಕಳಚಿ ಬಿದ್ದಾಗ ಮೊದಲು ಬಂದದ್ದು ಅವ್ವನ ಸೀರೆಯ ವಾಸನೆ, ಹೊಗೆ, ಹರಳೆಣ್ಣೆ, ನಮ್ಮ ಅಟ್ಟ. ಸಾವಿರಾರು ಮೈಲಿ ಅದನ್ನು ಅಪ್ಪನ ಗಮ್ಮು ಹೊರಗೆ ಬಿಟ್ಟಿರಲಿಲ್ಲ. ನನಗೆ ದುಃಖ ತಡೆಯಲಿಲ್ಲ, ಅಂಗಳದಲ್ಲೇ ಕೂತು ಅತ್ತೆ. ರಾದ್ಕಾ ಸುಮ್ಮನೆ ಸುರುಳಿಯನ್ನು ನೆಲದ ಮೇಲೆ ಬಿಡಿಸಿದರು. ಅಣ್ಣ ಅವರ ಅಂಗಳದುದ್ದಕ್ಕೂ ನಗುತ್ತ ಮಲಗಿದ. ವಯಸ್ಸೆಷ್ಟು ಎಂದು ಕೇಳಿದರು. ಹೇಳಿದೆ. ಅವರು ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಅದಕ್ಕೆ ಫೋನು ಬೇಕಾಗಲಿಲ್ಲ.

ಸಮ್ಮೇಳನ

ಸಭೆ ನಡೆದದ್ದು ಹಳೆಯ ತಂಬಾಕು ಗೋದಾಮಿನಲ್ಲಿ. ಬಂದವರೆಲ್ಲ ಕಪ್ಪು ಬಟ್ಟೆ. ಡಿಸೈನ್ ಜನ ಬೇರೆಯವರಿಗೆ ಬಣ್ಣ ಹೇಳುತ್ತಾರೆಯೇ ಹೊರತು ತಾವು ಹಾಕಿಕೊಳ್ಳುವುದಿಲ್ಲ. ಆ ಕಪ್ಪಿನ ಎದುರು ನಮ್ಮ ಹಳದಿ, ಕೆಂಪು, ಗುಲಾಬಿ ದಳಗಳ ನಡುವೆ ಅಣ್ಣ ತೂಗುತ್ತಿದ್ದ. ನಾನು ಹೆಮ್ಮೆಪಟ್ಟೆ ಎಂದು ಹೇಳದಿದ್ದರೆ ಸುಳ್ಳಾಗುತ್ತದೆ.

ಹೆಮ್ಮೆ ಬಹಳ ಹೊತ್ತು ಉಳಿಯಲಿಲ್ಲ. ನನ್ನ ಸರದಿ ಊಟದ ನಂತರ. ಅಲ್ಲಿಯವರೆಗೆ ಅವನು ಯಾರೆಂದು ಯಾರಿಗೂ ಗೊತ್ತಿಲ್ಲ. ಅಷ್ಟು ಬಣ್ಣ, ಅಷ್ಟು ನಗು ನೋಡಿ ಹಬ್ಬವೆಂದುಕೊಂಡರು. ಒಬ್ಬಳು ಹುಡುಗಿ ಅವನ ಪಕ್ಕ ನಿಂತು, ಹೆಬ್ಬೆರಳು ಎತ್ತಿ, ಫೋಟೊ ತೆಗೆಸಿಕೊಂಡಳು. ಅವಳ ಹಿಂದೆ ಸಾಲು ನಿಂತಿತು. ಒಬ್ಬ, ಇವನು ಗೆದ್ದನಾ ಎಂದು ನನ್ನನ್ನೇ ಕೇಳಿದ.  ತಪ್ಪು ಅವರದಲ್ಲ, ಗೊತ್ತು. ಪ್ಲೊವ್ಡಿವ್‌ನ ಸತ್ತವರನ್ನು ಅಭ್ಯರ್ಥಿಗಳೆಂದುಕೊಂಡವಳು ನಾನೇ ಅಲ್ಲವೇ? ಆದರೂ ನಮ್ಮೂರ ಸರ್ಕಲ್ಲಿನಲ್ಲಿ ಇದೇ ಫ್ಲೆಕ್ಸಿನ ಮುಂದೆ ಬೈಕು ನಿಲ್ಲಿಸಿ, ಚಪ್ಪಲಿ ಬಿಟ್ಟು ಕೈಮುಗಿದು ಹೋಗುತ್ತಿದ್ದವರು ಕಣ್ಮುಂದೆ ಬಂದರು.

ಸರದಿ ಬಂದಾಗ ಬರೆದುಕೊಂಡು ಹೋದದ್ದನ್ನು ಅರ್ಧ ಓದಿದೆ. ಆಮೇಲೆ ಹಾಳೆ ಪಕ್ಕಕ್ಕಿಟ್ಟೆ. ‘‘ಇವನು ನನ್ನ ಅಣ್ಣ. ಹೋದ ವರ್ಷ ನೀರಿನಲ್ಲಿ ಹೋದ. ಇದನ್ನು ಮಾಡಿದವಳು ನಾನು. ಈಗ ಇದನ್ನು ಏನು ಮಾಡಬೇಕೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ,’’ ಎಂದೆ.  ಹೆಬ್ಬೆರಳೆತ್ತಿದ ಹುಡುಗಿ ಆಮೇಲೆ ನನ್ನನ್ನು ಹುಡುಕಿಕೊಂಡು ಬಂದು, ನನ್ನ ಕಣ್ಣೆದುರೇ ಆ ಫೋಟೊ ಅಳಿಸಿ, ಕೈ ಹಿಡಿದುಕೊಂಡಳು. ಅಳಿಸಬೇಡ ಎನ್ನುವಷ್ಟರಲ್ಲಿ ಅಳಿಸಿಯಾಗಿತ್ತು.

ಸಂಜೆ ಒಂದು ಸಂಗ್ರಹಾಲಯದ ಹಿರಿಯರು ಬಂದರು. ಮೆಲುಮಾತಿನ ಒಳ್ಳೆಯ ಮನುಷ್ಯ. ಇದನ್ನು ನಮಗೆ ಕೊಡಿ ಎಂದರು. ಕತ್ತಲೆ ಕೋಣೆ, ಹದವಾದ ತಂಪು, ಅಗಲದ ಡ್ರಾಯರು. ನೂರು ವರ್ಷವಾದರೂ ಬಣ್ಣ ಮಾಸುವುದಿಲ್ಲ, ನಿಮ್ಮ ಅಣ್ಣ ಹೀಗೆಯೇ ಇರುತ್ತಾನೆ ಎಂದರು. ಯಾರಾದರೂ ಕೇಳಿದರೆ ಕೊಟ್ಟುಬಿಡು ಎಂದು ಅಪ್ಪ ಹೇಳಿದ್ದು ಇದೇ ಅಲ್ಲವೇ? ಹೂಂ ಎನ್ನಲು ಬಾಯಿ ತೆರೆದೆ. ತಂಪು ಡ್ರಾಯರು ಎಂದಾಗ ನನಗೆ ನೆನಪಾದದ್ದು ಮಳವಳ್ಳಿ ಆಸ್ಪತ್ರೆಯ ಶವಾಗಾರ. ನಾಳೆ ಹೇಳುತ್ತೇನೆ ಎಂದು ಸುರುಳಿ ಸುತ್ತಿಕೊಂಡು ಹೊರಟೆ.

ಮತ್ತೆ ಗೇಟು

ದಾರಿಯಲ್ಲಿ ಮಳೆ ಹಿಡಿಯಿತು. ಮುಚ್ಚಳವಿಲ್ಲದ ಪೈಪಿನೊಳಗೆ ನೀರು ಹೋಯಿತು. ಅಪ್ಪ ಹೆದರಿದ್ದು ಇದಕ್ಕೇ ಎಂದು ಆಗ ಹೊಳೆದು, ಪೈಪನ್ನು ಎದೆಗೆ ಅವುಚಿಕೊಂಡು ಆ ಗುಂಡುಕಲ್ಲಿನ ಮೇಲೆ ಜಾರುತ್ತ ಓಡಿದೆ. ಬೆಳಗ್ಗೆ ಬಿಸಿಲು ಬಂದಾಗ ಒಣಗಲೆಂದು ನಾನೂ ರಾದ್ಕಾ ಸೇರಿ ಅಣ್ಣನನ್ನು ಅವರ ಗೇಟಿಗೆ ಕಟ್ಟಿದೆವು, ಅವರ ಗಂಡನ ಪಕ್ಕಕ್ಕೆ.

ಒಣಗುವವರೆಗೆ ಎಂದು ಕಟ್ಟಿದ್ದಷ್ಟೇ. ಆದರೆ ಆ ಬೀದಿಯ ಜನ ಗೇಟಿನ ಮೇಲಿನ ಮುಖ ನೋಡದೆ ಹೋಗುವವರಲ್ಲ. ಬಣ್ಣಕ್ಕೆ ಅವರು ಮೋಸಹೋಗಲಿಲ್ಲ. ಗೇಟಿನ ಮೇಲಿರುವವರು ಯಾರೆಂದು ಅವರಿಗೆ ಗೊತ್ತು. ಒಬ್ಬ ತಾತ ಕೋಲೂರಿಕೊಂಡು ನಿಂತು, ಟೋಪಿ ತೆಗೆದು, ಅಣ್ಣನ ಮುಖವನ್ನು ಬಹಳ ಹೊತ್ತು ನೋಡಿದರು. ಪಕ್ಕದ ಮನೆಯಾಕೆ ಬೇಯಿಸಿದ ಗೋಧಿಗೆ ಸಕ್ಕರೆ ಬೆರೆಸಿ ಬಟ್ಟಲಲ್ಲಿ ತಂದರು. ಸತ್ತವರ ಹೆಸರಿನಲ್ಲಿ ಅಲ್ಲಿ ಅದನ್ನು ಹಂಚುತ್ತಾರೆ. ಅಣ್ಣನ ಹೆಸರು ಏನೆಂದು ಕೇಳಿ, ‘‘ಮಾದು’’ ಎಂದು ಬಾಯಲ್ಲಿ ಒಮ್ಮೆ ಅಂದುಕೊಂಡು ತಿಂದರು. ನಾನೂ ತಿಂದೆ.

ಅವ್ವನಿಗೆ ವಿಡಿಯೊ ಕಾಲ್ ಮಾಡಿ ಗೇಟು ತೋರಿಸಿದೆ. ಬೈಗುಳಕ್ಕೆ ಸಿದ್ಧಳಾಗಿಯೇ ಇದ್ದೆ.

‘‘ಯಾರವ್ವ ಆ ತಾತ?’’

‘‘ಇದೇ ಬೀದಿಯೋರು ಕಣವ್ವ. ಅಣ್ಣನ್ ನೋಡ್ತಾವ್ರೆ.’’

‘‘ಅವರ್ಗೇನ್ ಗೊತ್ತು ಅವ್ನು?’’

‘‘ಗೊತ್ತಿಲ್ಲ. ಆದ್ರೂ ನೋಡ್ತಾರೆ. ಇಲ್ಲಿ ಎಲ್ಲಾರ್ನೂ ಹಿಂಗೇ ನಿಂತು ನೋಡ್ತಾರೆ.’’

ಅವ್ವ ಫೋನನ್ನು ಕಣ್ಣಿನ ಹತ್ತಿರ ಹಿಡಿದಳು. ಆಮೇಲೆ, ‘‘ಎಷ್ಟ್ ದಿನುಕ್ಕೆ ಬಿಚ್ತಾರಂತೆ?’’ ಎಂದಳು.

‘‘ಬಿಚ್ಚಾಕಿಲ್ವಂತೆ. ಬಿಸ್ಲು ಮಳೆಗೆ ತಾನಾಗೇ ಓಗೋವರ್ಗೂ ಇರ್ತದಂತೆ.’’

‘‘ನಮ್ಮೋರು ತಿಥಿ ಮುಗುದ್ ಮಾರ್ನೆ ದಿನ್ವೇ ಬಿಚ್ಚಿ, ಸುತ್ತಿ, ನನ್ ಕೈಗ್ ಕೊಟ್ಬುಟ್ರು,’’ ಎಂದು ಅವ್ವ ಅತ್ತಳು. ‘‘ಅಟ್ಟುದಲ್ಲಿ ಯಾರ್ ನೋಡ್ತಾರವ್ವ ಅವ್ನ? ನಾನೂ ಬಿಡ್ಸಿ ನೋಡಾಕಾಗ್ದು, ನಿಮ್ಮಪ್ಪ ಬೈತದೆ. ಅಲ್ಲೇ ಇರ್ಲಿ ಬುಡು. ಜನ ಓಡಾಡೋ ಕಡೆ ಇರ್ಲಿ.’’

ಅಣ್ಣ ಇಲ್ಲೇ ಇರಲಿಯೇ ಎಂದು ರಾದ್ಕಾ ಅವರನ್ನು ಕೇಳಿದೆ. ಅವರು ತಲೆಯನ್ನು ಅಡ್ಡಡ್ಡ ಆಡಿಸಿದರು. ಆ ಊರಿನಲ್ಲಿ ಹಾಗೆಂದರೆ ಹೌದು ಎಂದು ನನಗೆ ಆಗ ಚೆನ್ನಾಗಿ ಗೊತ್ತಿತ್ತು. ಸಂಗ್ರಹಾಲಯದವರಿಗೆ ಇಲ್ಲವೆಂದು ಬರೆದು, ಅವ್ವನ ಸೀರೆಯೊಂದನ್ನೇ ಮಡಿಸಿ ಸೂಟ್‌ಕೇಸಿಗೆ ಹಾಕಿಕೊಂಡೆ. ಅಪ್ಪನ ಮಾತೂ ನಡೆಯಿತು, ಅವ್ವನೂ ಒಪ್ಪಿದಳು. ದಾರಿಯುದ್ದಕ್ಕೂ ನಿರಾಳವಾಗಿ ನಿದ್ದೆ ಮಾಡಿದೆ.

ಮದ್ದೂರು

ಬೆಂಗಳೂರಿನಿಂದ ರೈಲಿನಲ್ಲಿ ಬಂದು ಮದ್ದೂರಿನಲ್ಲಿ ಇಳಿದಾಗ ಅಪ್ಪ ಸ್ಟೇಷನ್ನಿಗೆ ಬಂದಿದ್ದ. ಬರುತ್ತೇನೆಂದು ಹೇಳಿರಲಿಲ್ಲ. ನನ್ನ ಮುಖ ನೋಡುವುದಕ್ಕೆ ಮೊದಲು ನನ್ನ ಹೆಗಲು ನೋಡಿದ, ಆಮೇಲೆ ನನ್ನ ಹಿಂದೆ ನೋಡಿದ.

‘‘ಪೈಪು?’’

‘‘ಅಲ್ಲೇ ಬುಟ್ ಬಂದೆ ಕಣಪ್ಪ. ನೀನ್ ಏಳ್ದಂಗೇಯ.’’

‘‘ಊಂ,’’ ಅಂದ. ‘‘ಒಳ್ಳೇದಾಯ್ತು.’’

ಮಳವಳ್ಳಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ. ಕಬ್ಬಿನ ಗದ್ದೆ ಬಂತು, ತೆಂಗು ಬಂತು, ಯಾರದೋ ಹುಟ್ಟುಹಬ್ಬದ ಫ್ಲೆಕ್ಸುಗಳು ಸಾಲಾಗಿ ಬಂದವು.  ಅಪ್ಪನ ಹೆಗಲು ಅಲ್ಲಾಡುತ್ತಿದ್ದುದನ್ನು ನಾನು ಬಸ್ಸಿನ ಕುಲುಕಾಟ ಎಂದುಕೊಂಡಿದ್ದೆ.

‘‘ಎಲ್ಲಾ ನೋಡುದ್ರು,’’ ಅಂದ ಕೊನೆಗೆ, ಕಿಟಕಿ ಕಡೆಗೇ ಮುಖ ಮಾಡಿ. ‘‘ಊರೋರ್ ನೋಡುದ್ರು, ಆ ದೇಸುದೋರೂ ನೋಡುದ್ರು. ನಾನೇ ನೋಡ್ನಿಲ್ಲ ಕಣ್ ಮಗ.’’

ನನಗೆ ಅರ್ಥವಾಗಲಿಲ್ಲ. ಸರ್ಕಲ್ಲಿನಲ್ಲಿ ಅಷ್ಟು ದಿನ ನಿಂತಿತ್ತಲ್ಲಪ್ಪ ಎಂದೆ.

‘‘ಆ ಕಡೀಕೇ ಓಗ್ನಿಲ್ಲ. ನಾಲೆ ಏರಿ ಮೇಲೆ ಸುತ್ತಾಕಂಡ್ ಓಡಾಡ್ದೆ. ಆಮೇಕೆ ಸುತ್ತಿಟ್ರು. ಇವತ್ ನೋಡನ ನಾಳೆ ನೋಡನ ಅನ್ಕತಾ ಇದ್ದೆ. ಧೈರ್ಯ ಬರ್ನಿಲ್ಲ. ನೀನೇನಾರ ಬಿಚ್ಚಿ ತೋರ್ಸ್ಬುಟ್ಟೀಯ ಅಂತ ಗಮ್ ಆಕ್ದೆ.’’

ನಾನು ಮೊಬೈಲ್ ತೆಗೆದು ಗೇಟಿನ ಫೋಟೊ ತೋರಿಸಲು ಹೋದೆ. ಅಪ್ಪ ನನ್ನ ಕೈ ತಳ್ಳಿದ. ‘‘ಇಷ್ಟ್ ಚಿಕ್ದಾಗ್ ಬ್ಯಾಡ. ಅವ್ನು ನನಗಿಂತ ಎತ್ತರ ಇದ್ದ.’’

ಬಸ್ಸು ಮಳವಳ್ಳಿಯೊಳಗೆ ಬಂದಾಗ, ‘‘ಇನ್ನೊಂದ್ ಆಕ್ಸಕಾಯ್ತದಾ?’’ ಎಂದು ಕೇಳಿದ.

ಅಣ್ಣನ ಅಂಗಡಿ

ಅಂಗಡಿಯನ್ನು ಈಗ ಅಣ್ಣನ ಗೆಳೆಯ ಕುಮಾರ ನಡೆಸುತ್ತಾನೆ. ನಾವಿಬ್ಬರೂ ಒಳಗೆ ಹೋದಾಗ ಎದ್ದು ನಿಂತು, ಏನೂ ಕೇಳದೆ ಕುರ್ಚಿ ಬಿಟ್ಟುಕೊಟ್ಟ. ನಾನು ಫೈಲ್ ತೆರೆದೆ. ಅಪ್ಪ ಪರದೆಗೆ ಬೆನ್ನು ಮಾಡಿ ಮೆಷಿನ್ನಿನ ಹತ್ತಿರ ನಿಂತ.

‘‘ಅಕ್ಸರ ಬ್ಯಾಡ,’’ ಅಂದ ಅಲ್ಲಿಂದಲೇ. ‘‘ದೀಪ, ಗೀಪ ಏನೂ ಬ್ಯಾಡ. ಸತ್ತೋನ್ದು ಬ್ಯಾಡ. ಅವ್ನೊಬ್ನೇ ಇರ್ಲಿ.’’

ಶ್ರದ್ಧಾಂಜಲಿ ತೆಗೆದೆ. ಜನನ ಮರಣ ತೆಗೆದೆ. ದುಃಖತಪ್ತರ ಹೆಸರುಗಳನ್ನು, ಅದರಲ್ಲಿ ನನ್ನದನ್ನೂ ಅಪ್ಪನದನ್ನೂ, ದೀಪವನ್ನು, ದಳಗಳನ್ನು ಒಂದೊಂದಾಗಿ ತೆಗೆದೆ. ಬಿಳಿಯ ಮೇಲೆ ಅಣ್ಣ ಉಳಿದ. ಮೊದಲ ಸಲ ಮಾಡಿದ್ದಕ್ಕಿಂತ ಇದ್ಯಾಕೋ ಹೆಚ್ಚು ಕಷ್ಟವಾಯಿತು.

ಕುಮಾರ ಮೆಷಿನ್ ಹಾಕಿದ. ಬಣ್ಣದ ಪೆಟ್ಟಿಗೆ ಅತ್ತಿಂದಿತ್ತ ಓಡಾಡುತ್ತ ಒಂದೊಂದೇ ಪಟ್ಟಿ ಬಿಡುವುದು ನಿಮಗೆ ಗೊತ್ತಿರಬಹುದು. ಮೊದಲು ಕೂದಲು ಬಂತು. ಹಣೆ ಬಂತು. ಅಪ್ಪ ಎರಡೂ ಕೈಯಲ್ಲಿ ಮೆಷಿನ್ನಿನ ಅಂಚು ಹಿಡಿದುಕೊಂಡ. ಕಣ್ಣು ಬಂದವು, ಆಮೇಲೆ ಮೂಗು, ಆಮೇಲೆ ಬಾಯಿ. ಅಪ್ಪ ಮುಖ ತಿರುಗಿಸಲಿಲ್ಲ. ಅಂಚು ಬಿಟ್ಟು ಕೈ ಮುಂದೆ ಚಾಚಿದ.

‘‘ಅಪ್ಪಾಜಿ, ಮುಟ್ಬ್ಯಾಡಿ! ಇನ್ನೂ ಒಣಗಿಲ್ಲ,’’ ಎಂದು ಕುಮಾರ ಕೂಗಿದ.

ಅಪ್ಪ ಆಗಲೇ ಮುಟ್ಟಿದ್ದ. ಅಂಗೈ ತಿರುಗಿಸಿ ನೋಡಿಕೊಂಡ, ಅಣ್ಣನ ಕೆನ್ನೆಯ ಬಣ್ಣ ಮೆತ್ತಿಕೊಂಡಿತ್ತು. ಕುಮಾರ ಒರೆಸಿಕೊಳ್ಳಲು ಬಟ್ಟೆ ಕೊಟ್ಟ. ಅಪ್ಪ ತೆಗೆದುಕೊಳ್ಳಲಿಲ್ಲ, ಕೈ ಮುಚ್ಚಿಕೊಂಡ.